ಸೀಲ್ ಮಾರಿದೆ, ಹಂಚಿಗೆ ಸೈಕಲ್ ಟ್ಯೂಬ್ ಕೊಟ್ಟೆ: ನನ್ನ ಹೋಂ ಥಿಯೇಟರ್ ಅನುಭವ

ಮಂಗಳೂರಿನ ಕದ್ರಿಯ ಗೆಳೆಯ ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದ. ಎರಡು ಗಂಟೆ ಕೂತು ಕೇಳಿದ. ಎದ್ದವನು ಮೊದಲು ಮಾಡಿದ ಕೆಲಸ ರ‍್ಯಾಕ್‌ನ ಹಿಂದೆ ಬಗ್ಗಿ ನೋಡಿದ್ದು. ಟಿಎಚ್‌ಎಕ್ಸ್ (ಸಿನೆಮಾ ಸೌಂಡಿನ ಗುಣಮಟ್ಟಕ್ಕೆ ಸರ್ಟಿಫಿಕೇಟ್ ಕೊಡುವವರು) ಸೀಲ್ ಇರುವ ಡಬ್ಬಿಯನ್ನು, ಅಂದರೆ ಸ್ಪೀಕರ್‌ಗಳನ್ನು ನಡೆಸುವ ರಿಸೀವರನ್ನು, ನಾನು ಎಲ್ಲೋ ಅಡಗಿಸಿ ಇಟ್ಟಿದ್ದೇನೆ ಅಂತ ಅವನ ಸಂಶಯ. ಮೂರು ವರ್ಷದ ಹಿಂದೆ ಆ ಡಬ್ಬಿ ಮಾರಿದಾಗ "ನಿನಗೆ ತಲೆ ಸಮ ಉಂಟಾ ಮಾರಾಯಾ?" ಅಂತ ಕೇಳಿದವನೂ ಇವನೇ. ಅವನು ಬಗ್ಗಿ ನೋಡಿದ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬಾಡಿಗೆ ಸೌಂಡ್ಸ್‌ನ ಕೆಲಸ. ಮದುವೆ, ಭಜನೆ, ಸ್ಕೂಲ್ ಡೇ. ಮನೆ ಉಡುಪಿ ಹತ್ತಿರದ ಕಟಪಾಡಿಯಲ್ಲಿ, ಹಳೆ ಹಂಚಿನ ಮನೆ. ಕೆಂಪುಕಲ್ಲಿನ ಗೋಡೆ, ಮೇಲೆ ಮರದ ಮುಚ್ಚಿಗೆ. ಥಿಯೇಟರ್ ಮಾಡಿದ ಕೋಣೆ 16 ಅಡಿ ಉದ್ದ, 12 ಅಡಿ ಅಗಲ, ಮುಚ್ಚಿಗೆವರೆಗೆ ಹತ್ತಿರ ಹತ್ತಿರ 10 ಅಡಿ. ಅಂದರೆ 1900 ಘನ ಅಡಿ ಚಿಲ್ಲರೆ.

ಈ ಲೆಕ್ಕವೇ ನನ್ನನ್ನು ಕೆಡಿಸಿದ್ದು. ಟಿಎಚ್‌ಎಕ್ಸ್‌ನಲ್ಲಿ ಸೆಲೆಕ್ಟ್ ದರ್ಜೆ ಅಂದರೆ 2000 ಘನ ಅಡಿಯ ಕೋಣೆ, ಪರದೆಯಿಂದ 10 ಅಡಿ ದೂರ. ಅಲ್ಟ್ರಾ ಅಂದರೆ 3000 ಘನ ಅಡಿ, 12 ಅಡಿ ದೂರ. ಸೆಲೆಕ್ಟ್ ಅಂತೂ ನನ್ನ ಕೋಣೆಗೇ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. 1983ರಲ್ಲಿ ಜಾರ್ಜ್ ಲೂಕಾಸ್ ಕಂಪನಿಯಲ್ಲಿ ಹುಟ್ಟಿದ್ದು, ಟಾಕೀಸಿಗೇ ಮಾರ್ಕ್ ಕೊಡುವವರು, ಅವರ ಸೀಲ್ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು ಅಂದುಕೊಂಡೆ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ರಿಸೀವರ್, ನೆನಪಿದ್ದಂತೆ 72 ಸಾವಿರ. ಸೀಲ್ ಇದ್ದ ಸಬ್ (ತಳದ ಬಾಸ್‌ಗೇ ಇರುವ ಸಬ್‌ವೂಫರ್) ಒಂದು, 85 ಸಾವಿರ. ಸ್ಪೀಕರ್‌ಗಳು ಮೊದಲೇ ಇದ್ದವು, ಅವಕ್ಕೆ ಸೀಲೂ ಇಲ್ಲ ಎಂತದೂ ಇಲ್ಲ.

ಜೋಡಿಸಿ ಹಾಕಿದ ದಿನ ಸೋಫಾದಲ್ಲಿ ಕೂತರೆ ಬಾಸ್ ಇಲ್ಲ! ಡಬ್ಬ ಡಬ್ಬ ಅಂತ ಮೇಲಿನ ಬಾಸ್ ಮಾತ್ರ ಇತ್ತು, ತಳವೇ ಇಲ್ಲ. ಅಡುಗೆಮನೆಯಲ್ಲಿ ಮಾತ್ರ ಸ್ಟೀಲ್ ಡಬ್ಬಗಳು ಕುಣಿಯುತ್ತಿದ್ದವು. ಅಮ್ಮ ಬಾಗಿಲಿಗೆ ಬಂದು "ಎಂತದಾ ಇದು? ಮನೆಯ ಮಾಡು ಬೀಳುದುಂಟಾ?" ಅಂತ ಕೇಳಿದರು. ನಾನು ವಾಲ್ಯೂಮ್ ಏರಿಸಿದೆ. ಇನ್ನೂ ಕೆಟ್ಟಿತು.

ಹದಿನೈದು ವರ್ಷ ಸೌಂಡ್ಸ್ ಮಾಡಿದವನಿಗೆ ಇದು ಗೊತ್ತಾಗಬೇಕಿತ್ತು. ಆದರೆ ನಮ್ಮ ಕೆಲಸವೆಲ್ಲ ಬಯಲಿನಲ್ಲಿ, ಶಾಮಿಯಾನದ ಅಡಿಯಲ್ಲಿ. ಅಲ್ಲಿ ಗೋಡೆ ಎಲ್ಲಿ? 16 ಅಡಿಯ ಕೋಣೆಯ ಮೊದಲ ಮೋಡ್, ಅಂದರೆ ಎದುರು ಬದುರು ಗೋಡೆಗಳ ನಡುವೆ ಸದ್ದು ಹೋಗಿ ಬಂದು ಕಟ್ಟಿಕೊಳ್ಳುವ ಅಲೆ, 35 ಹರ್ಟ್ಜ್. ನಾನು ಸೋಫಾ ಇಟ್ಟದ್ದು ಸರಿಯಾಗಿ ನಡುವೆ, 8 ಅಡಿಗೆ. 35 ಹರ್ಟ್ಜ್ ಸಾಯುವ ಜಾಗವೇ ಅದು. ಅದರ ದುಪ್ಪಟ್ಟು, 70, ಅಲ್ಲಿಯೇ ತಲೆ ಎತ್ತುತ್ತದೆ. ಒಂದೂವರೆ ಲಕ್ಷದ ಸಾಮಾನು, ಕೂತದ್ದು ಹೊಂಡದಲ್ಲಿ. ಸೀಲ್ ಕೊಡುವವರು ಡಬ್ಬಿಯನ್ನು ಪರೀಕ್ಷೆ ಮಾಡುತ್ತಾರೆ. ನನ್ನ ಸೋಫಾ ಎಲ್ಲಿದೆ ಅಂತ ಅವರಿಗೇನು ಗೊತ್ತು?

ಆ ವರ್ಷದ ಮೇ ತಿಂಗಳಲ್ಲಿ ಒಂದು ಸಂಜೆ ಸಿಡಿಲು. ಮೆಯಿನ್ ಆಫ್ ಮಾಡಿದ್ದೆ, ಡಿಶ್‌ನ ವೈರ್ ತೆಗೆಯಲು ಮರೆತಿದ್ದೆ. ರಿಸೀವರ್‌ನ ಎಚ್‌ಡಿಎಂಐ ಬೋರ್ಡ್ ಹೋಯಿತು. ರಿಪೇರಿಗೆ 9 ಸಾವಿರ, ಆರು ವಾರ. ಆ ಆರು ವಾರ ಗೆಳೆಯನೊಬ್ಬನ ಸಾದಾ ರಿಸೀವರ್ ತಂದು ಹಾಕಿದ್ದೆ. ವ್ಯತ್ಯಾಸ ಕಾಣಲಿಲ್ಲ. ಕಿವಿ ಹೋಯಿತಾ ಅಂತ ಹೆದರಿಕೆ ಆಯಿತು.

ರಿಪೇರಿಯಾಗಿ ಬಂದ ಮೇಲೆ ಎರಡನ್ನೂ ಒಟ್ಟಿಗೆ ಇಟ್ಟು ಪರೀಕ್ಷೆ ಮಾಡಿದೆವು. ಐದು ಜನ. ಮುಂದೆ ಒಂದು ಪಂಚೆ ಕಟ್ಟಿ, ಹಿಂದಿನಿಂದ ವೈರ್ ಬದಲಿಸಿದ್ದು ನನ್ನ ಕೆಲಸದ ಹುಡುಗ. ಮೊದಲ ಸುತ್ತಿನಲ್ಲಿ ಎಲ್ಲರೂ ಸೀಲ್ ಇದ್ದದ್ದನ್ನೇ ಮೆಚ್ಚಿದರು. ಸದ್ದಿನ ಮೀಟರ್ ಹಿಡಿದರೆ ಅದು ಒಂದೂವರೆ ಡಿಬಿ (ಡೆಸಿಬಲ್) ಜೋರಾಗಿತ್ತು, ಅಷ್ಟೇ! ಎರಡನ್ನೂ ಪಿಂಕ್ ನಾಯ್ಸ್ (ಅಳತೆಗೆ ಹಾಕುವ ಸುಂಯ್ ಸದ್ದು) ಹಾಕಿ 75 ಡಿಬಿಗೆ ತಂದು ಮತ್ತೆ ಕೇಳಿಸಿದಾಗ ಹತ್ತರಲ್ಲಿ ಐದೋ ಆರೋ ಸರಿಯಾಯಿತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ ಅಲ್ವಾ? ಕದ್ರಿಯವನು ಮಾತ್ರ ಒಪ್ಪಲಿಲ್ಲ. "ನಿನ್ನ ಕೋಣೆಯೇ ಸಮ ಇಲ್ಲ, ಅದರಲ್ಲಿ ಎಂತ ಗೊತ್ತಾಗ್ತದೆ?" ಅಂದ. ಸಿಟ್ಟು ಬಂತು. ಆದರೆ ಅವನು ಹೇಳಿದ್ದೇ ಸರಿ.

ಆ ರಾತ್ರಿ ಲೆಕ್ಕ ಹಾಕಿದೆ. ರೆಫರೆನ್ಸ್, ಅಂದರೆ ಟಾಕೀಸಿನ ಮಟ್ಟದ ಜೋರು: ಒಂದೊಂದು ಚಾನೆಲ್ 105 ಡಿಬಿ ಪೀಕ್, ಎಲ್‌ಎಫ್‌ಇ (ಬಾಸ್‌ಗೇ ಇರುವ ಚಾನೆಲ್) 115. ನನ್ನ ಸ್ಪೀಕರ್ 88ರದ್ದು (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 88 ಡಿಬಿ), ಆಗ ಕೂರುತ್ತಿದ್ದದ್ದು 8 ಅಡಿಯಲ್ಲಿ. ಅಷ್ಟು ಬರಲು ಹತ್ತಿರ ಹತ್ತಿರ 300 ವ್ಯಾಟ್ ಬೇಕು. ಆದರೆ ಮನೆಯಲ್ಲಿ ಅಷ್ಟು ಜೋರು ಯಾರು ಕೇಳುತ್ತಾರೆ? ನಾನು ಕೇಳುವುದು ಮೈನಸ್ 15ರಲ್ಲಿ, ಅಂದರೆ ಅದಕ್ಕಿಂತ 15 ಡಿಬಿ ಕೆಳಗೆ. ಅಲ್ಲಿಗೆ 10 ವ್ಯಾಟ್ ಸಾಕು. ಅದರ ಮೇಲಿನ ವ್ಯಾಟ್‌ಗೆಲ್ಲ ನಾನು ಸುಮ್ನೆ ದುಡ್ಡು ಕೊಟ್ಟಿದ್ದೆ.

ಸೀಲ್ ಇದ್ದ ಎರಡನ್ನೂ ಮಾರಿದೆ. ರಿಸೀವರ್ 48ಕ್ಕೆ ಮಣಿಪಾಲಕ್ಕೆ ಹೋಯಿತು, ಸಬ್ 60ಕ್ಕೆ. ಒಂದು ಮಾತು ಹೇಳಬೇಕು, ಸೀಲ್ ಇದ್ದ ಮಾಲಿಗೆ ಗಿರಾಕಿ ಬೇಗ ಸಿಗುತ್ತದೆ. ಎರಡು ದಿನದಲ್ಲಿ ಏಳೆಂಟು ಫೋನ್. ರಿಪೇರಿ ಸೇರಿ ನನಗೆ ಬಿದ್ದ ಪೆಟ್ಟು 58 ಸಾವಿರ.

ಬಂದ ದುಡ್ಡಿನಲ್ಲಿ ಸಾದಾ ರಿಸೀವರ್ ಒಂದು, 38. ಅಳತೆಯ ಯುಎಸ್‌ಬಿ ಮೈಕ್, 9. ಸಬ್ ಎರಡು, ನಾನೇ ಮಾಡಿದ್ದು. ನಮ್ಮ ಸ್ಟೇಜ್ ಬಾಕ್ಸ್ ಮಾಡುವ ಆಚಾರಿಯೇ ಮರೈನ್ ಪ್ಲೈಯಲ್ಲಿ ಪೆಟ್ಟಿಗೆ ಮಾಡಿಕೊಟ್ಟರು. 12 ಇಂಚಿನ ಡ್ರೈವರ್, ಪ್ಲೇಟ್ ಆಂಪ್ (ಪೆಟ್ಟಿಗೆಗೇ ಕೂರಿಸುವ ಆಂಪ್ಲಿಫೈಯರ್), ಒಂದಕ್ಕೆ 22 ಸಾವಿರದ ಹತ್ತಿರ. ಪೆಟ್ಟಿಗೆಯ ಗಾಳಿ ಕೊಳವೆ, ಪೋರ್ಟ್‌ನ ಉದ್ದ ಎಷ್ಟು ಅಂತ ಕೇಳಬೇಡಿ, ಮೂರು ಪೆಟ್ಟಿಗೆ ಹಾಳು ಮಾಡಿ ಕಲಿತದ್ದು. ಪೆಟ್ಟಿಗೆಯ ಅಡಿಗೆ ಏನಿಟ್ಟಿದ್ದೇನೆ ಅಂತಲೂ ಹೇಳುವುದಿಲ್ಲ. ಕಟಪಾಡಿ ಪೇಟೆಯಲ್ಲಿ 40 ರೂಪಾಯಿಗೆ ಸಿಗುತ್ತದೆ, ಅಷ್ಟು ಸಾಕು.

ಒಂದು ಸಬ್ ಮುಂದಿನ ಗೋಡೆಯ ಸರಿ ಮಧ್ಯಕ್ಕೆ, ಇನ್ನೊಂದು ಹಿಂದಿನ ಗೋಡೆಯ ಮಧ್ಯಕ್ಕೆ. ಎರಡೂ ಒಂದೇ ಫೇಸ್, ಅಂದರೆ ಒಟ್ಟಿಗೇ ಮುಂದೆ ಹಿಂದೆ ಅಲುಗುತ್ತವೆ. ಎರಡೂ ಎಬ್ಬಿಸುವ 35 ಹರ್ಟ್ಜ್ ಮೋಡ್ ಒಂದನ್ನೊಂದು ತಿಂದು ಹಾಕುತ್ತದೆ. ಗೋಡೆಯ ಮಧ್ಯದಲ್ಲಿ ಇದ್ದರೆ ಅಗಲದ 47 ಹರ್ಟ್ಜ್ ಮೋಡ್ ಏಳುವುದೇ ಇಲ್ಲ. ಸೋಫಾ 10 ಅಡಿಗೆ ಹೋಯಿತು. ಕ್ರಾಸ್‌ಓವರ್, ಅಂದರೆ ಸ್ಪೀಕರ್ ಬಿಟ್ಟು ಸಬ್ ಕೆಲಸ ಶುರು ಮಾಡುವ ಗಡಿ, 80 ಹರ್ಟ್ಜ್. ಇದು ಟಿಎಚ್‌ಎಕ್ಸ್‌ನವರದ್ದೇ ನಂಬರ್, ಬಳಸಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಮೊದಲು 35ರ ಸುತ್ತ 15 ಡಿಬಿ ಹೊಂಡ ಇದ್ದದ್ದು, ಈಗ 25ರಿಂದ 100ರವರೆಗೆ ಮೇಲೆ ಕೆಳಗೆ ನಾಲ್ಕು ಡಿಬಿ ಒಳಗೆ ನಿಂತಿದೆ. 70ರ ಉಬ್ಬನ್ನು ಇಕ್ಯೂನಲ್ಲಿ (ಈಕ್ವಲೈಸರ್) ತಗ್ಗಿಸಿದೆ. ಹಿಂದಿನ ಸಬ್‌ನ ಸದ್ದು ಎಷ್ಟು ತಡವಾಗಿ ಬರಬೇಕು (ಡಿಲೇ) ಅಂತ ರಿಸೀವರ್‌ನ ಆಟೋ ಸೆಟಪ್ ಹೇಳಿದ್ದನ್ನು ನಂಬಬೇಡಿ. ಕೈಯಲ್ಲೇ ಅರ್ಧ ಅರ್ಧ ಮಿಲಿಸೆಕೆಂಡ್ ಸರಿಸಿ ನೋಡಿ.

ಆಮೇಲೆ ಹಂಚು. ಬಾಸ್ ಶುದ್ಧವಾದ ಮೇಲೆ ಮೇಲಿನಿಂದ ಕಿರಿಕಿರಿ ಕೇಳತೊಡಗಿತು. ಮೊದಲು ಇಲಿ ಅಂದುಕೊಂಡೆ. ಸ್ವೀಪ್ (ತಳದಿಂದ ಮೇಲಕ್ಕೆ ಏರುವ ಪರೀಕ್ಷೆಯ ಸ್ವರ) ಹಾಕಿ ಕೂತೆ. 28ರಿಂದ 33ರ ನಡುವೆ ಮೂಡು ಬದಿಯ ಹಂಚು ಕಿರ್ ಅನ್ನುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕುವಾಗ ಸಬ್‌ವೂಫರ್ ಬರುತ್ತದೆ ಅಂತ ಕನಸು ಕಂಡಿರಲಿಕ್ಕಿಲ್ಲ. ಅಟ್ಟಕ್ಕೆ ಹತ್ತಿ, ಕೆಳಗೆ ಹುಡುಗ 30 ಹರ್ಟ್ಜ್ ಬಿಡುವಾಗ ಒಂದೊಂದು ಹಂಚಿಗೆ ಬೆರಳಿಟ್ಟು ನೋಡಿದೆ. ಬೆರಳು ಇಟ್ಟ ಕೂಡಲೇ ಸದ್ದು ನಿಂತರೆ ಅದೇ ಕಳ್ಳ. ಹಂಚು ಹೊರುವ ಮರದ ಪಟ್ಟಿ, ರೀಪಿನ ಮೇಲೆ ಕೂರುವಲ್ಲಿ ಹಳೆ ಸೈಕಲ್ ಟ್ಯೂಬಿನ ತುಂಡು ತೂರಿಸಿದೆ. ನಲವತ್ತು ಚಿಲ್ಲರೆ ಹಂಚು, ಎರಡು ಭಾನುವಾರ, ಮೈಯೆಲ್ಲ ಜೇಡರ ಬಲೆ. ಟ್ಯೂಬ್ ಸೈಕಲ್ ಅಂಗಡಿಯವರು ಸುಮ್ನೆ ಕೊಟ್ಟರು. ಈ ಥಿಯೇಟರಿನಲ್ಲಿ ದುಡ್ಡಿಗೆ ಹೆಚ್ಚು ಫಲ ಕೊಟ್ಟ ಕೆಲಸ ಇದೇ.

ಅಂದ ಹಾಗೆ ಮುಚ್ಚಿಗೆ ಉಪಕಾರವನ್ನೂ ಮಾಡುತ್ತದೆ. ತೆಳು ಹಲಗೆ ತಾನೇ ಅಲುಗಿ ಸ್ವಲ್ಪ ಬಾಸ್ ತಿನ್ನುತ್ತದೆ. ಕದ್ರಿಯವನದ್ದು ಫ್ಲ್ಯಾಟ್, ಮೇಲೆ ಕೆಳಗೆ ಕಾಂಕ್ರೀಟ್ ಸ್ಲ್ಯಾಬ್. ಅಲ್ಲಿ ಬಾಸ್ ಒಮ್ಮೆ ಎದ್ದರೆ ಕೂರುವುದಿಲ್ಲ.

ಗೋಡೆಗೆ ಮೊದಲು ತೆಂಗಿನ ನಾರಿನ ಹಾಸಿಗೆ ಕತ್ತರಿಸಿ ಪ್ಯಾನೆಲ್ ಮಾಡಿದ್ದೆ. ನಮ್ಮೂರಿನ ಮಾಲು, ಅಗ್ಗ, ಕೇಳಲೂ ಚೆನ್ನಾಗಿತ್ತು, ಎಲ್ಲರಿಗೂ ತೋರಿಸಿ ಮೆರೆದೆ. ಆಟಿ ತಿಂಗಳು ಬಂತು, ಜೋರು ಮಳೆಗಾಲ. ಕೋಣೆಗೆ ಹೋದರೆ ಒದ್ದೆ ಗೋಣಿಚೀಲದ ವಾಸನೆ, ಹಿಂದೆಲ್ಲ ಬೂಷ್ಟು. 6 ಸಾವಿರ ತೆಂಗಿನ ಬುಡಕ್ಕೆ ಹೋಯಿತು, ಗೊಬ್ಬರವಾಗಿ. ಆಮೇಲೆ ಮಂಗಳೂರಿನ ಬೈಕಂಪಾಡಿಯಿಂದ 48 ಸಾಂದ್ರತೆಯ ರಾಕ್‌ವುಲ್ (ಸದ್ದು ಹೀರುವ ಕಲ್ಲಿನ ನಾರು) ತಂದೆ, ಹತ್ತಿ ಬಟ್ಟೆ ಸುತ್ತಿ, ಗೋಡೆಯಿಂದ ಎರಡು ಇಂಚು ಬಿಟ್ಟು ನಿಲ್ಲಿಸಿದೆ. ಗಾಳಿಯಾಡಿದರೆ ಬೂಷ್ಟು ಬರುವುದಿಲ್ಲ. ಎಲ್ಲ ಸೇರಿ 18 ಸಾವಿರ. ರ‍್ಯಾಕ್‌ನ ಅಡಿಗೆ ಮಳೆಗಾಲ ಪೂರ್ತಿ ಒಂದು ಹಳೆ ಕಾಲದ 40 ವ್ಯಾಟ್ ಬಲ್ಬ್ ಉರಿಯುತ್ತದೆ, ಬಟ್ಟೆ ಕಪಾಟಿಗೆ ಇಡುತ್ತಿದ್ದರಲ್ಲ, ಹಾಗೆ.

ಮಳೆಗಾಲದಲ್ಲಿ ಸಿನೆಮಾ ನೋಡುವ ಆಸೆ ಬಿಡಿ. ಜೋರು ಮಳೆಗೆ ಹಂಚಿನ ಅಡಿಯಲ್ಲಿ ಮೀಟರ್ 60 ದಾಟುತ್ತದೆ. ಯಾವ ಸೀಲ್ ಬಂದರೂ ಅದರೆದುರು ಮೆಲ್ಲನೆಯ ಮಾತು ಕೇಳುವುದಿಲ್ಲ.

ಕೊನೆಯ ಪರೀಕ್ಷೆಗೆ ಸಿನೆಮಾ ಹಾಕಲಿಲ್ಲ. ಪಕ್ಕದ ಮನೆಯಲ್ಲಿ ಹರಕೆಯ ಯಕ್ಷಗಾನ ಆಟ ಇದ್ದಾಗ ಚೆಂಡೆಯಿಂದ ಹತ್ತಡಿ ದೂರ ರೆಕಾರ್ಡರ್ ಇಟ್ಟು ಹಿಡಿದದ್ದು ನನ್ನ ಹತ್ತಿರ ಉಂಟು. ಲೈವ್ ಕೇಳಿದ ಕಿವಿ ನನ್ನದೇ, ಮೋಸ ಮಾಡಲು ಸಾಧ್ಯವಿಲ್ಲ. ಹಳೆ ಜೋಡಣೆಯಲ್ಲಿ ಚೆಂಡೆಯ ಪೆಟ್ಟು ಹಲಗೆಗೆ ಬಡಿದ ಹಾಗೆ, ಮದ್ದಳೆ ಇದೆಯೋ ಇಲ್ಲವೋ. ಈಗ ಕೋಲು ಚರ್ಮಕ್ಕೆ ತಾಗುವುದು ಬೇರೆ, ಆಮೇಲೆ ಬರುವ ನಾದ ಬೇರೆ ಕೇಳುತ್ತದೆ. ಮದ್ದಳೆಯ ಎಡಗೈಯೂ ಬಂತು. ಕದ್ರಿಯವನು ರ‍್ಯಾಕ್ ಹಿಂದೆ ಹುಡುಕಿದ್ದು ಇದನ್ನು ಕೇಳಿದ ಮೇಲೆ.

ಹಾಗಂತ ಸೀಲ್ ಇದ್ದದ್ದು ಮೋಸ ಅನ್ನುವುದಿಲ್ಲ. ಆ ರಿಸೀವರ್ 4 ಓಮ್ ಲೋಡ್ (ಹೆಚ್ಚು ಕರೆಂಟ್ ಎಳೆಯುವ ಸ್ಪೀಕರ್) ಹಾಕಿದರೂ ಬೆಚ್ಚಗಾಗುತ್ತಿತ್ತು ಅಷ್ಟೇ, ಈಗಿನದ್ದು ಕೈ ಸುಡುತ್ತದೆ. ಕೋಣೆ ದೊಡ್ಡದಿದ್ದರೆ, 4 ಓಮ್‌ನ ಸ್ಪೀಕರ್ ಇದ್ದರೆ, ನಿಜವಾಗಿ ರೆಫರೆನ್ಸ್‌ನಲ್ಲಿ ಕೇಳುವ ಗಂಡೆದೆ ಇದ್ದರೆ ತಗೊಳ್ಳಿ. ಆದರೆ ಮೈಕ್ ತಗೊಂಡ ಮೇಲೆ, ಸೋಫಾ ಸರಿಸಿದ ಮೇಲೆ.

ನನ್ನದರಲ್ಲಿ ಇನ್ನೂ ಮೂರು ಹಂಚು ಬಾಕಿ. ಪಡು ಬದಿಯವು, 22 ಹರ್ಟ್ಜ್‌ಗೆ ಮಾತ್ರ ಕಿರ್ ಅನ್ನುತ್ತವೆ. ಅಟ್ಟದಿಂದ ಕೈ ಎಟುಕುವುದಿಲ್ಲ. ಮಳೆಗೆ ಮೊದಲು ಹಂಚು ಕೈಯಾಡಿಸಲು ಜನ ಬರುತ್ತಾರೆ, ಅವರ ಕೈಯಲ್ಲಿ ಟ್ಯೂಬ್ ತುಂಡು ಕೊಟ್ಟು ಕಳಿಸಬೇಕು. ಯಾಕೆ ಅಂತ ಅವರಿಗೆ ಹೇಗೆ ಹೇಳುವುದು ಅಂತಲೇ ಯೋಚನೆ.