ಪಿಟಿಎಸ್‌ಡಿಯಿಂದ ಬಂದ ಕಾಯಿಲೆಗೂ ವಿಎ ಕ್ಲೇಮು: ಡಾಕ್ಟರ ಪತ್ರ ಗಟ್ಟಿಯಾಗಿರಲಿ

ಅಮೆರಿಕದ ಸೇನೆಯಲ್ಲಿದ್ದು ಬಂದವರು ನಿಮ್ಮ ಮನೆಯಲ್ಲಿದ್ದಾರಾ? ಪಿಟಿಎಸ್‌ಡಿಗೆ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ವಿಎ, ಅಂದರೆ ಅಲ್ಲಿನ ಮಾಜಿ ಸೈನಿಕರ ಇಲಾಖೆಯಿಂದ ರೇಟಿಂಗ್ (ಪರಿಹಾರದ ಹಣಕ್ಕಾಗಿ ಕಾಯಿಲೆಗೆ ಕೊಡುವ ಶೇಕಡಾ ಲೆಕ್ಕ) ಸಿಕ್ಕಿದ ಮೇಲೆ, ಅದರಿಂದಾಗಿ ಬಿಪಿ, ಮೈಗ್ರೇನ್, ಎದೆಯುರಿ, ಸ್ಲೀಪ್ ಆಪ್ನಿಯ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಬಂದರೆ ಅವಕ್ಕೂ ‘ಸೆಕೆಂಡರಿ’, ಅಂದರೆ ಮೊದಲ ಕಾಯಿಲೆಯಿಂದ ಬಂದದ್ದು ಎಂದು ಕ್ಲೇಮು ಹಾಕಬಹುದು. ಖಿನ್ನತೆ, ಆತಂಕಗಳಿಗೆ ಮಾತ್ರ ಬೇರೆ ರೇಟಿಂಗ್ ಇಲ್ಲ, ಅವು ಪಿಟಿಎಸ್‌ಡಿ ಜೊತೆಗೇ ಲೆಕ್ಕ.

ಮೊದಲು ‘ಇಂಟೆಂಟ್ ಟು ಫೈಲ್’, ಅಂದರೆ ಕ್ಲೇಮು ಹಾಕುತ್ತೇನೆ ಎಂಬ ಸೂಚನೆ ವಿಎಗೆ ಕೊಡಿ. ಒಂದು ವರ್ಷದೊಳಗೆ ಪೂರ್ತಿ ಅರ್ಜಿ ಹಾಕಿದರೆ, ಮಂಜೂರಾದ ಹಣವನ್ನು ಆ ಸೂಚನೆ ಕೊಟ್ಟ ತಾರೀಖಿನಿಂದಲೇ ಲೆಕ್ಕ ಹಾಕಿಸಿಕೊಳ್ಳಬಹುದು.

ಆಮೇಲೆ ಕಾಯಿಲೆಯ ದಾಖಲೆ. ಗೊರಕೆ ಹೊಡೆಯುತ್ತಾರೆ ಅಂದರೆ ಸಾಲದು, ಆಪ್ನಿಯಗೆ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಮಾಡುವ ಪರೀಕ್ಷೆ) ಬೇಕೇ ಬೇಕು.

ಈಗ ಜಾಸ್ತಿ ಜನ ಎಡವುವ ಜಾಗ: ನೆಕ್ಸಸ್ ಲೆಟರ್, ಅಂದರೆ ಹೊಸ ಕಾಯಿಲೆಗೂ ಪಿಟಿಎಸ್‌ಡಿಗೂ ಇರುವ ನಂಟನ್ನು ಹೇಳುವ ಡಾಕ್ಟರ ಪತ್ರ. ‘ಪಿಟಿಎಸ್‌ಡಿಯಿಂದ ಬಂದಿರಬಹುದು’ ಎಂದು ಒಂದೇ ಸಾಲು ಬರೆಸಿಕೊಂಡು ಬರುತ್ತಾರೆ. ‘ಇರಬಹುದು’ ಅನ್ನೋದು ನಡೆಯಲ್ಲ. ‘ಆಟ್ ಲೀಸ್ಟ್ ಆಸ್ ಲೈಕ್ಲಿ ಆಸ್ ನಾಟ್’, ಅಂದರೆ ಕನಿಷ್ಠ ಶೇ 50ರಷ್ಟು ಸಾಧ್ಯತೆ ಇದೆ ಎಂದೇ ಇರಬೇಕು. ದಾಖಲೆಗಳನ್ನು ಓದಿದ್ದೇನೆ ಎಂದು ಡಾಕ್ಟರು ಬರೆಯಬೇಕು, ಕಾರಣವನ್ನೂ ಬಿಡಿಸಿ ಹೇಳಬೇಕು. ಉದಾಹರಣೆಗೆ, ಪಿಟಿಎಸ್‌ಡಿ ಔಷಧಿಯಿಂದ ತೂಕ ಏರಿ ಆಪ್ನಿಯ ಬಂದಿದ್ದರೆ ಮೂರು ಮಾತು ಬೇಕು: ತೂಕ ಏರಿದ್ದು ಪಿಟಿಎಸ್‌ಡಿ ಅಥವಾ ಅದರ ಔಷಧಿಯಿಂದ, ಆಪ್ನಿಯಗೆ ಆ ತೂಕವೇ ದೊಡ್ಡ ಕಾರಣ, ತೂಕ ಏರದಿದ್ದರೆ ಆಪ್ನಿಯ ಬರುತ್ತಿರಲಿಲ್ಲ. ಒಂದು ಬಿಟ್ಟರೂ ಕೊಂಡಿ ಕಳಚುತ್ತದೆ. ‘ಪಿಟಿಎಸ್‌ಡಿಯಿಂದ ಬಂತಾ’ ಎಂಬುದಕ್ಕಷ್ಟೇ ಅಲ್ಲ, ‘ಅದರಿಂದ ಉಲ್ಬಣಿಸಿತಾ’ ಎಂಬುದಕ್ಕೂ ಉತ್ತರ ಬರೆಸಿ. ಮೊದಲೇ ಇದ್ದ ಕಾಯಿಲೆ ಪಿಟಿಎಸ್‌ಡಿಯಿಂದ ಹೆಚ್ಚಾಗಿದ್ದರೂ ಕ್ಲೇಮು ನಿಲ್ಲುತ್ತದೆ, ಆದರೆ ಹೆಚ್ಚಾಗುವ ಮುಂಚೆ ಎಷ್ಟಿತ್ತು ಅನ್ನೋ ದಾಖಲೆ ಬೇಕು.

ಆನ್‌ಲೈನಿನಲ್ಲಿ ಮಾರುವ ರೆಡಿಮೇಡ್ ಪತ್ರ ಕೊಳ್ಳಲೇಬೇಡಿ. ಹೆಸರು ಬದಲಿಸಿದ ಅದೇ ಪ್ಯಾರಾ ಯಾರನ್ನೂ ಒಪ್ಪಿಸಲ್ಲ. ಮೊದಲ ಕ್ಲೇಮು ಹಾಕಿಕೊಡಲು ದುಡ್ಡು ಕೇಳುವವರನ್ನೂ ದೂರವಿಡಿ, ಕಾನೂನು ಅದಕ್ಕೆ ಒಪ್ಪಲ್ಲ. ಡಿಎವಿ, ವಿಎಫ್‌ಡಬ್ಲ್ಯು, ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘಗಳ ಪ್ರತಿನಿಧಿಗಳು ಉಚಿತವಾಗಿ ಮಾಡಿಕೊಡುತ್ತಾರೆ. ನಾನಂತೂ ಮೊದಲು ಅಲ್ಲಿಗೇ ಕಳಿಸುವುದು.

ಕ್ಲೇಮಿನ ಅರ್ಜಿಯಾದ ಫಾರ್ಮ್ 21-526ಇಝಡ್‌ನಲ್ಲಿ ಕಾಯಿಲೆಯ ಹೆಸರಿನ ಜೊತೆ ‘ಪಿಟಿಎಸ್‌ಡಿಗೆ ಸೆಕೆಂಡರಿ’ ಎಂದು ಬರೆಯಿರಿ. ಹೆಂಡತಿ ಅಥವಾ ಗಂಡ ಸಾಕ್ಷಿ ಹೇಳಿಕೆಯ ಫಾರ್ಮ್ 21-10210ರಲ್ಲಿ ಕಣ್ಣಾರೆ ಕಂಡದ್ದನ್ನು ಬರೆಯಲಿ: ರಾತ್ರಿ ಉಸಿರು ನಿಂತು ಬೆಚ್ಚಿ ಏಳುವುದು, ಮೈಗ್ರೇನ್ ಬಂದಾಗ ಕೋಣೆ ಕತ್ತಲು ಮಾಡಿ ಮಲಗುವುದು. ವಿಎ ಪರೀಕ್ಷೆಗೆ ಕರೆದರೆ ತಪ್ಪಿಸಬೇಡಿ. ಅಲ್ಲಿ ‘ಚೆನ್ನಾಗಿದ್ದೀನಿ’ ಅನ್ನಬೇಡಿ, ಕೆಟ್ಟ ದಿನ ಹೇಗಿರುತ್ತೆ ಅಂತ ಹೇಳಿ.

ತಿರಸ್ಕಾರವಾದರೆ ಒಂದು ವರ್ಷದೊಳಗೆ, ಹೊಸ ಪತ್ರದೊಂದಿಗೆ ಫಾರ್ಮ್ 20-0995 (ಮತ್ತೆ ಪರಿಶೀಲಿಸಲು ಕೇಳುವ ಪೂರಕ ಕ್ಲೇಮು) ಹಾಕಿ.