ವೆಂಟಿಲೇಟರ್ ಪಕ್ಕ ನಿಂತಾಗ ಏನು ಕೇಳಬೇಕು, ಏನು ನೋಡಬೇಕು

"ಎಂತ ಸಿಸ್ಟರ್, ಮೆಷಿನ್‌ಗೆ ಹಾಕಿದ್ರಿ ಅಂದ್ರೆ ಇನ್ನು ಆಸೆ ಇಲ್ವಾ?"

ಮಂಗಳೂರಿನಲ್ಲಿ ಐಸಿಯು ನರ್ಸ್ ಆಗಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಗದ್ದೆ ಕೆಸರಿಗೆ ಇಳಿದವರಿಗೆ ಇಲಿ ಜ್ವರ ಬಂದು ಕೆಲವರ ಶ್ವಾಸಕೋಶಕ್ಕೆ ತಗಲುತ್ತದೆ. ನಾಗರಹಾವು ಕಚ್ಚಿದವರಲ್ಲಿ ಉಸಿರಾಡಿಸುವ ಸ್ನಾಯುಗಳೇ ಸೋತುಬಿಡಬಹುದು. ಇಂಥವರಲ್ಲಿ ಎಷ್ಟೋ ಜನ ಆಮೇಲೆ ನಡೆದುಕೊಂಡೇ ಮನೆಗೆ ಹೋದದ್ದನ್ನು ನೋಡಿದ್ದೇನೆ.

ಹಾಗಾಗಿ ಮೊದಲು ಡಾಕ್ಟರ್ ಹತ್ತಿರ ಎರಡು ಮಾತು ಕೇಳಿ. ಯಾಕೆ ಹಾಕಿದ್ದೀರಿ? ಆ ಕಾರಣಕ್ಕೆ ಏನು ಚಿಕಿತ್ಸೆ ನಡೆಯುತ್ತಿದೆ? ವೆಂಟಿಲೇಟರ್ ರೋಗ ಗುಣಮಾಡುವುದಿಲ್ಲ. ಗುಣಮಾಡುವುದು ಆಂಟಿಬಯೋಟಿಕ್, ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್. ಅದು ಕೆಲಸ ಮಾಡುವ ತನಕ ಉಸಿರು ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ಮೆಷಿನ್ ಕೆಲಸ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ರೋಗಿಯ ಗಂಟಲಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕಿಸಿದರು. ಮೆಡಿಕಲ್ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು, ಹಗಲು ರಾತ್ರಿ ಕೈಯಿಂದಲೇ ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟರು. ಆ ಕೈಗಳ ಕೆಲಸವನ್ನೇ ಇವತ್ತು ಮೆಷಿನ್ ಮಾಡುತ್ತಿದೆ.

ಒಂದು ವ್ಯತ್ಯಾಸ ತಿಳಿದಿರಲಿ. ನಾವು ಉಸಿರಾಡುವಾಗ ಎದೆ ಹಿಗ್ಗಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮೆಷಿನ್ ಹಾಗಲ್ಲ, ಕಮ್ಮಾರನ ತಿದಿಯಂತೆ ಗಾಳಿಯನ್ನು ಒಳಗೆ ತಳ್ಳುತ್ತದೆ. ಜಾಸ್ತಿ ತಳ್ಳಿದರೆ ಶ್ವಾಸಕೋಶಕ್ಕೇ ಪೆಟ್ಟು. 2000ದಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಶ್ವಾಸಕೋಶ ತೀವ್ರವಾಗಿ ಹಾಳಾದವರಿಗೆ ಒಂದೊಂದು ಉಸಿರಿಗೆ ದೇಹತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಬದಲು 6 ಮಿಲಿಲೀಟರ್ ಲೆಕ್ಕದಲ್ಲಿ ಗಾಳಿ ಕೊಟ್ಟಾಗ ಸಾವು 40ರಿಂದ 31 ಶೇಕಡಾಕ್ಕೆ ಇಳಿಯಿತು. ಈ ಕಿಲೋ ಲೆಕ್ಕ ತಕ್ಕಡಿಯ ತೂಕದಿಂದಲ್ಲ, ಎತ್ತರದಿಂದ. ಐದಡಿ ಐದಿಂಚಿನ ಗಂಡಸು 85 ಕಿಲೋ ಇದ್ದರೂ ಸುಮಾರು 61 ಕಿಲೋ ಎಂದೇ ಹಿಡಿಯುತ್ತಾರೆ. ಹೊಟ್ಟೆ ಬೆಳೆದರೆ ಶ್ವಾಸಕೋಶ ಬೆಳೆಯುವುದಿಲ್ಲ, ಅಲ್ವಾ? ಸಿಸ್ಟರ್ ಟೇಪ್ ಹಿಡಿದು ಮಲಗಿದವರ ಉದ್ದ ಅಳೆದರೆ ಗಾಬರಿ ಬೇಡ.

ಇನ್ನು ಪರದೆ. ಅಲ್ಲಿರುವ ಎಲ್ಲ ಅಂಕಿಗಳ ಹಿಂದೆ ಹೋಗಬೇಡಿ, ಎರಡು ಸಾಕು. ಒಂದು, ಆಕ್ಸಿಜನ್ ಶೇಕಡಾ. ಹೊರಗಿನ ಗಾಳಿಯಲ್ಲಿ ಇರುವುದು 21. ಮೆಷಿನ್‌ನಲ್ಲಿ ಮೊದಲು 100 ಇರಬಹುದು. ಅದು 60ಕ್ಕೆ, ಆಮೇಲೆ 40ಕ್ಕೆ ಇಳಿಯುತ್ತಿದ್ದರೆ ಒಳ್ಳೆಯ ಸೂಚನೆ. ಇನ್ನೊಂದು ಪೀಪ್ (PEEP). ಒದ್ದೆಯಾದ ಪ್ಲಾಸ್ಟಿಕ್ ತೊಟ್ಟೆಯ ಬಾಯಿ ಬಿಡಿಸುವುದು ಎಷ್ಟು ಕಷ್ಟ! ಶ್ವಾಸಕೋಶದ ಸಣ್ಣ ಚೀಲಗಳೂ ಪೂರ್ತಿ ಮುಚ್ಚಿಕೊಂಡರೆ ಹಾಗೆಯೇ. ಅದಕ್ಕೇ ಉಸಿರು ಬಿಟ್ಟ ಮೇಲೂ ಒಳಗೆ ಸ್ವಲ್ಪ ಒತ್ತಡ ಉಳಿಸುತ್ತಾರೆ. ಸಾಮಾನ್ಯವಾಗಿ ಇದು 5ರ ಹತ್ತಿರ, ಶ್ವಾಸಕೋಶ ತುಂಬ ಹಾಳಾಗಿದ್ದರೆ 10 ದಾಟುತ್ತದೆ. ಎರಡನ್ನೂ ದಿನಾ ಒಂದೇ ಹೊತ್ತಿಗೆ ಪುಸ್ತಕದಲ್ಲಿ ಬರೆದಿಡಿ. ಒಂದು ದಿನದ ಅಂಕಿಗಿಂತ ನಾಲ್ಕು ದಿನದ ಸಾಲು ಹೆಚ್ಚು ಹೇಳುತ್ತದೆ.

ಅಲಾರಂ ಆಗಾಗ ಹೊಡೆಯುತ್ತದೆ. ಕೆಮ್ಮು, ಕಫ, ಮಡಚಿದ ಪೈಪ್, ಸಡಿಲವಾದ ಜೋಡಣೆ, ಕಾರಣ ಯಾವುದೂ ಇರಬಹುದು. ನೀವು ಬಟನ್ ಮುಟ್ಟಬೇಡಿ, ಸಿಸ್ಟರನ್ನು ಕರೆಯಿರಿ.

ನಿಮ್ಮಿಂದ ಆಗುವ ಕೆಲಸವೂ ಇದೆ. ಡಾಕ್ಟರ್ ಬೇಡ ಅನ್ನದಿದ್ದರೆ ಮಂಚದ ತಲೆ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ನ್ಯುಮೋನಿಯಾ ಆಗುವುದನ್ನು ತಪ್ಪಿಸಲು ಇದು. ತಲೆ ಕೆಳಗಾಗಿದ್ದರೆ ಕೇಳಿ, ಸಂಕೋಚ ಬೇಡ. ಕೈಗೆ ಬಟ್ಟೆ ಕಟ್ಟಿದ್ದನ್ನು ನೋಡಿ ಮನೆಯವರು ಅಳುತ್ತಾರೆ. ಬಾಯಿಂದ ಶ್ವಾಸನಾಳಕ್ಕೆ ಹಾಕಿದ ಟ್ಯೂಬನ್ನು ಮಂಪರಿನಲ್ಲಿ ಕಿತ್ತುಕೊಳ್ಳದಿರಲಿ ಎಂದು ಕಟ್ಟಿದ್ದು. ನೀವು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರೆ ಅಷ್ಟು ಹೊತ್ತು ಬಿಚ್ಚಬಹುದಾ ಎಂದು ಕೇಳಿ.

ಟ್ಯೂಬ್ ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ಅವರಿಗೆ ಮಾತು ಬರುವುದಿಲ್ಲ. ಆದರೆ ಕಿವಿ ಕೇಳುತ್ತಿರಬಹುದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಅದರಲ್ಲೇ ಮಾತಾಡಿ. ಇವತ್ತು ಯಾವ ವಾರ, ಮನೆಯಲ್ಲಿ ಯಾರಿದ್ದಾರೆ, ಹೇಳಿ. ತಲೆಯಾಡಿಸಿ ಉತ್ತರಿಸುವಂಥ ಪ್ರಶ್ನೆ ಕೇಳಿ. ಕನ್ನಡಕ ತಂದುಕೊಡಿ. ರಾತ್ರಿ ಪಾಳಿಯ ಸಿಸ್ಟರ್‌ಗೆ ತುಳು ಬಾರದಿದ್ದರೆ "ಬೇನೆ ಉಂಡಾ?" ಅಂದರೆ ನೋವಿದೆಯಾ ಎಂದು ಚೀಟಿಯಲ್ಲಿ ಬರೆದು ಮಂಚಕ್ಕೆ ಅಂಟಿಸಿ. ಅಪರಿಚಿತ ಕೋಣೆಯಲ್ಲಿ ತನ್ನ ಭಾಷೆ ಕಿವಿಗೆ ಬಿದ್ದಾಗ ಅವರ ಮುಖ ಬದಲಾಗುತ್ತದೆ, ನಾನು ನೋಡಿದ್ದೇನೆ.

ದಿನಾ ಕೇಳಬೇಕಾದ್ದು ಇನ್ನೊಂದಿದೆ. "ಇವತ್ತು ನಿದ್ದೆಯ ಔಷಧಿ ನಿಲ್ಲಿಸಿ ನೋಡ್ತೀರಾ?" ರೋಗಿ ಎಚ್ಚರವಾಗಿ, ಬಿಪಿ ಸರಿಯಿದ್ದು, ಆಕ್ಸಿಜನ್ ಕಡಿಮೆ ಸಾಕಾದರೆ ಮೆಷಿನ್ ಸಹಾಯ ತಗ್ಗಿಸಿ ಅರ್ಧ ಗಂಟೆಯಿಂದ ಎರಡು ಗಂಟೆ ಸ್ವಂತ ಉಸಿರಾಡಲು ಬಿಡುತ್ತಾರೆ. ಮೊದಲ ದಿನ ಆಗಲಿಲ್ಲ ಅಂದರೆ ಸೋತರು ಅಂತಲ್ಲ. ಮರುದಿನ ಮತ್ತೆ ಮಾಡುತ್ತಾರೆ. ಎರಡು ವಾರದ ಹತ್ತಿರ ಬಂದರೂ ಆಗದಿದ್ದರೆ ಗಂಟಲಲ್ಲಿ ಸಣ್ಣ ರಂಧ್ರ ಮಾಡಿ ಟ್ಯೂಬ್ ಹಾಕುವ ಮಾತು ಬರಬಹುದು. ಅದನ್ನು ಆಮೇಲೆ ತೆಗೆಯಲೂ ಬರುತ್ತದೆ.

ಟ್ಯೂಬ್ ತೆಗೆದ ಮೇಲೆ ಕೆಲವು ದಿನ ಧ್ವನಿ ಒಡಕಾಗಿರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಬೊಂಡ, ಅಂದರೆ ಎಳನೀರು, ಹಿಡಿದು ನಿಂತಿರುತ್ತಾರೆ. ಸ್ವಲ್ಪ ತಡೆಯಿರಿ ಮಾರಾಯ್ರೆ. ನುಂಗಲು ಬರುತ್ತದಾ ಎಂದು ಪರೀಕ್ಷಿಸುವ ತನಕ ಒಂದು ಚಮಚವೂ ಬೇಡ. ಇಲಿ ಜ್ವರದಲ್ಲಿ ಕಿಡ್ನಿಗೂ ಪೆಟ್ಟಾಗಿದ್ದರೆ ಬೊಂಡದ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ. ಡಾಕ್ಟರ್ ಒಪ್ಪಿದ ಮೇಲೆ ಅವರನ್ನು ನೇರ ಕೂರಿಸಿ, ಮೊದಲು ಚಮಚದಲ್ಲಿ ಕೊಡಿ.