ಜೀನ್ಸ್ ಬಂಡಲ್‌ಗಳ ನಡುವೆ ನಮ್ಮತ್ತೆ

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಏಳೆಂಟು ಮಷಿನ್, ಅಷ್ಟೇ ಹೆಣ್ಣುಮಕ್ಕಳು. ಮರೆವಿನ ಕಾಯಿಲೆಯ ಅತ್ತೆಯನ್ನು ಇಲ್ಲೇ ಕೂರಿಸಿಕೊಂಡು ನೋಡ್ಕೊಳ್ತೀನಿ ಅಂದಾಗ ನಕ್ಕವರೇ ಜಾಸ್ತಿ. "ಸೊಸೆ ಮುದುಕಿನ ದುಡಿಸ್ಕೊಳ್ತಾಳೆ" ಅಂತ ಓಣಿ ತುಂಬಾ ಮಾತು. ಹೊಸಪೇಟೆಯಿಂದ ನಾದಿನಿ ಫೋನ್ ಮಾಡಿ ಅತ್ತರು. ಒಂದೂವರೆ ವರ್ಷ ಆಗ್ತಾ ಬಂತು, ಚೆನ್ನಾಗೇ ನಡೀತಿದೆ.

ಮನೇಲಿ ಇಂಥವರಿದ್ದರೆ ಕಾಯಿಲೆ ಬಗ್ಗೆ ನಿಮಗೆ ಹೇಳಬೇಕಿಲ್ಲ. ಮರೆವಿಗೆ ಬೇರೆ ಕಾರಣ ಇದೆಯಾ ಅಂತ ಬಿ12, ಥೈರಾಯ್ಡ್ ಎಲ್ಲಾ ನೋಡಿಸಿ, ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಿ ಬಂದಾಯ್ತು. ಹಂಪಿ ಎಕ್ಸ್‌ಪ್ರೆಸ್ ಗುಂತಕಲ್‌ನಲ್ಲಿ ನಿಂತಾಗ ಅತ್ತೆ ಚೀಲ ಹಿಡಿದು ಇಳಿಯೋಕೆ ಹೊರಟಿದ್ದರು. ತವರು ಆ ಕಡೆಯೇ. ಮರೆವಿನ ಮಾತ್ರೆ ಡೊನೆಪೆಜಿಲ್ ಶುರುವಾದಾಗ ಸ್ವಲ್ಪ ದಿನ ಹೊಟ್ಟೆ ಕೆಟ್ಟಿತು, ಆಮೇಲೆ ಸರಿಹೋಯ್ತು. ಮಾತ್ರೆಯೇನೋ ಸಿಕ್ಕಿತು, ನೋಡಿಕೊಳ್ಳೋ ಜನ ಸಿಗಲಿಲ್ಲ.

ಮೊದಲು ಏಜೆನ್ಸಿ ಕಡೆಯಿಂದ ಒಬ್ಬ ಹುಡುಗಿ ಬಂದಳು. ತಿಂಗಳಿಗೆ 16 ಸಾವಿರ, ಊಟ ಬೇರೆ. ಅತ್ತೆಗೆ ಆಗಲೇ ಕನ್ನಡ ಕಮ್ಮಿಯಾಗಿ, ಚಿಕ್ಕಂದಿನ ತೆಲುಗು ಮಾತ್ರ ಉಳಿದಿತ್ತು. ಆ ಹುಡುಗಿಗೆ ತೆಲುಗಿನ ಗಂಧವಿಲ್ಲ. ಸಂಜೆ "ಇಂಟಿಕಿ ಪೋತಾ", ಅಂದ್ರೆ ಮನೆಗೆ ಹೋಗ್ತೀನಿ ಅಂತ ಅತ್ತೆ ಬಾಗಿಲು ಬಡಿದರೆ ಇವಳು ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ದಳು. ಎರಡು ತಿಂಗಳೂ ನಿಲ್ಲಲಿಲ್ಲ. ಡಿಪಾಸಿಟ್ 5 ಸಾವಿರ ಇವತ್ತಿಗೂ ಬಂದಿಲ್ಲ. ಇಂಥವರನ್ನ ಇಟ್ಕೊಂಡು ನೋಡಿಕೊಳ್ಳೋ ಬೆಂಗಳೂರಿನ ಒಂದು ಕಡೆ ವಿಚಾರಿಸಿದೆವು, 40 ಸಾವಿರದ ಹತ್ತಿರ ಹೇಳಿದರು. ತಾಯತಕ್ಕೆ ಹೋದ ದುಡ್ಡಿನ ಲೆಕ್ಕ ನಮ್ಮ ಯಜಮಾನರನ್ನೇ ಕೇಳಿ.

ಆಮೇಲೆ ಯೂನಿಟ್‌ಗೇ ಕರೆತಂದೆ. ಮೊದಮೊದಲು ಎಲ್ಲರಿಗೂ "ಅಜ್ಜಿ ಕಡೆ ಒಂಚೂರು ನೋಡ್ರಮ್ಮ" ಅಂತ ಹೇಳಿ ಸುಮ್ಮನಿದ್ದೆ. ಯಾರೂ ನೋಡಲಿಲ್ಲ. ಅವರದು ತಪ್ಪಲ್ಲ. ಪೀಸ್ ರೇಟಿನ ಕೆಲಸ, ಮಷಿನ್ ಬಿಟ್ಟು ಎದ್ದರೆ ದುಡ್ಡು ಹೋಯ್ತು ಅಲ್ವಾ? ಹಾಗಾಗಿ ಗಂಟೆಗೆ 60 ರೂಪಾಯಿ ಅಂತ ಕಟ್ಟಿದೆ. ಪೀಸ್ ಬರೆಯೋ ಪುಸ್ತಕದಲ್ಲೇ ಪಕ್ಕದಲ್ಲಿ ಅಜ್ಜಿ ಗಂಟೆ ಅಂತ ಒಂದು ಗೆರೆ. ನಾಲ್ಕು ಜನ, ಒಬ್ಬೊಬ್ಬರಿಗೂ ಒಂದೊಂದು ಕೆಲಸ. ಒಬ್ಬಳು ನೀರು ಕುಡಿಸಿ ಬಾತ್‌ರೂಮಿಗೆ ಕರೆದೊಯ್ಯೋದು, ಒಬ್ಬಳು ಊಟ. ಸಂಜೆ 5ರಿಂದ 7 ತೆಲುಗು ಬಲ್ಲವಳಿಗೆ ಮೀಸಲು, ಅವಳಿಗೆ 10 ರೂಪಾಯಿ ಜಾಸ್ತಿ. ಬಾಗಿಲು ಬಡಿಯೋ ಹೊತ್ತಿಗೆ ಅವಳು ಅತ್ತೆಯ ಕೈ ಹಿಡಿದು ಓಣಿ ತುದಿತನಕ ಹೋಗಿ, "ಬಸ್ಸು ತಪ್ಪಿತು, ನಾಳೆ ಹೋಗೋಣ" ಅಂತ ತೆಲುಗಲ್ಲಿ ಹೇಳಿ ವಾಪಸ್ ಕರೆತರ್ತಾಳೆ. ಎಲ್ಲಾ ಸೇರಿ ತಿಂಗಳಿಗೆ 7-8 ಸಾವಿರ. ಅದರಲ್ಲಿ 2 ಸಾವಿರ ನಾದಿನಿಯದು. ಅಷ್ಟು ಅತ್ತವರಿಂದ ಅದನ್ನು ಹೇಗೆ ಹೊರಡಿಸಿದೆ ಅನ್ನೋದನ್ನ ಇಲ್ಲಿ ಬರೆಯೋಲ್ಲ.

ಕತ್ತರಿ ಅತ್ತೆಯ ಕೈಗೆ ಕೊಡಲ್ಲ. ಪ್ಯಾಂಟ್ ಮಡಚಿ ಎಣಿಸೋದು ಅವರ ಕೆಲಸ, ರಾತ್ರಿ ನಾನು ಮತ್ತೆ ಎಣಿಸ್ತೀನಿ. ಇದನ್ನೇ ಜನ ದುಡಿಸಿಕೊಳ್ಳೋದು ಅಂದಿದ್ದು.

ನಡುವೆ ಒಂದು ಹುಚ್ಚು ಕೆಲಸನೂ ಮಾಡಿದೆ. ರಿಜೆಕ್ಟ್ ಆದ ಡೆನಿಮ್ ತುಂಡಿಗೆ ಮೂರು ಜಿಪ್, ನಾಲ್ಕೈದು ದೊಡ್ಡ ಬಟನ್, ಹಿಂದಿನ ಜೇಬುಗಳೆರಡು ಹೊಲಿದು, ಕೈಗೆ ಏನಾದ್ರೂ ಕೆಲಸ ಇರಲಿ ಅಂತ ಅತ್ತೆಯ ತೊಡೆ ಮೇಲೆ ಹಾಸಿದೆ. ಬಟನ್ ಕಿತ್ತು ಬಾಯಿಗೆ ಹಾಕ್ಕೊಳ್ಳದಂಗೆ ಡಬಲ್ ದಾರ. ಒಂದು ಜೇಬಲ್ಲಿ ಹಳೆ ಬೀಗದ ಕೈ ಇಟ್ಟೆ. ಜಿಪ್ ಎಳೀತಾರೆ, ಕೀಲಿ ತೆಗೀತಾರೆ, ಇನ್ನೊಂದು ಜೇಬಿಗೆ ಹಾಕ್ತಾರೆ, ಮತ್ತೆ ಹುಡುಕ್ತಾರೆ. ಮುಕ್ಕಾಲು ಗಂಟೆ ಆರಾಮ. ಕೇಳಿದವರಿಗೆ ಹತ್ತನ್ನೆರಡು ಹೊಲಿದುಕೊಟ್ಟಿದ್ದೀನಿ. ಆದರೆ ಹೊಸ್ತಿಲಲ್ಲಿ ಕಪ್ಪು ಮ್ಯಾಟ್ ಹಾಕಿದ್ರೆ ಇಂಥವರು ಅದನ್ನ ಗುಂಡಿ ಅಂದ್ಕೊಂಡು ಹೊರಗೆ ದಾಟಲ್ಲ ಅಂತಾರಲ್ಲ, ಅದು ನಮ್ಮಲ್ಲಿ ಆಗಲಿಲ್ಲ. ಅತ್ತೆ ಹೆದರಿ ಕಿರುಚಿದರು, ಅವತ್ತೇ ತೆಗೆದೆ.

ಹೋದ ಬೇಸಿಗೆಯಲ್ಲಿ ಎರಡೇ ದಿನದಲ್ಲಿ ಅತ್ತೆಗೆ ಹಗಲು ರಾತ್ರಿ ಗೊತ್ತಾಗದಂಗೆ ಆಯ್ತು. ಕಾಯಿಲೆ ಮುಂದಕ್ಕೆ ಹೋಯ್ತು ಅಂತ ಎಲ್ಲರೂ ಕೈಚೆಲ್ಲಿದರು. ಡಾಕ್ಟರ್ ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು. ವಾರದೊಳಗೆ ಮೊದಲಿನಂಗಾದರು. ಬಳ್ಳಾರಿ ಬಿಸಿಲಲ್ಲಿ ನೀರು ಕೇಳಿ ಕುಡಿಯೋದು ಇವರಿಗೆ ನೆನಪಿರಲ್ಲ. ಏಕಾಏಕಿ ಗೊಂದಲ ಜಾಸ್ತಿಯಾದರೆ ಮೊದಲು ಡಾಕ್ಟರಿಗೆ ತೋರಿಸಿ, ಮೂತ್ರದ ಸೋಂಕನ್ನೂ ನೋಡಿಸಿ. ಆ ರಾತ್ರಿಗಳಲ್ಲಿ ನಾನೇ ತಡೀಲಾರದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೆ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ರಾತ್ರಿ ಪಾಳಿ ಇನ್ನೂ ನಮ್ಮಿಬ್ಬರದೇ, ಎರಡರ ತನಕ ಯಜಮಾನರು, ಆಮೇಲೆ ನಾನು. ದೀಪಾವಳಿ ಮುಂದೆ ಆರ್ಡರ್ ಜೋರಾದರೆ ಗಂಟೆಗೆ 80 ಕೊಟ್ಟರೂ ಯಾರೂ ಮಷಿನ್ ಬಿಟ್ಟು ಏಳಲ್ಲ. ಆ ಮೂರ್ನಾಲ್ಕು ವಾರ ಬಂದು ಇರಬೇಕು ಅಂತ ನಾದಿನಿಗೆ ಈಗಲೇ ಹೇಳಿದ್ದೀನಿ. ಬರದಿದ್ದರೆ ಅವರ 2 ಸಾವಿರ 4 ಆಗುತ್ತೆ.